ಅಂಬರನಾಥ ಶಿವಾಲಯ

ಅಂಬರನಾಥ ಶಿವಾಲಯವು ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಅಂಬರನಾಥ ಪಟ್ಟಣದಲ್ಲಿ, ವಾಲಧುನಿ ನದಿಯ ದಂಡೆಯ ಮೇಲಿರುವ 11ನೇ ಶತಮಾನದ ಕಲ್ಲಿನ ದೇವಾಲಯ. ಇದನ್ನು ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರ ಅರಸರು. ಕಟ್ಟಡದ ತೊಲೆಯೊಂದರ ಮೇಲೆ ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನವಿದೆ. ಶಿಖರ ಭೂಮಿಜ ಜಾತಿಗೆ ಸೇರಿದ್ದು. ಕಾಲ ಖಚಿತವಾಗಿ ಗೊತ್ತಿರುವ ಭೂಮಿಜ ದೇವಾಲಯಗಳಲ್ಲಿ ಇದು ಅತಿ ಹಳೆಯವುಗಳ ಸಾಲಿಗೆ ಸೇರುತ್ತದೆ. ಶಿಖರದ ಮೇಲ್ಭಾಗ ಬಿದ್ದುಹೋಗಿದ್ದರೂ ಪೂಜೆ ಇಂದಿಗೂ ನಡೆಯುತ್ತಿದೆ.

ಹೆಸರು ಮತ್ತು ನೆಲೆ

ಶಾಸನದಲ್ಲಿ ದೇವರ ಹೆಸರು ಆಮ್ರನಾಥ. ಊರಿಗೆ ಅಂಬರನಾಥ ಎಂಬ ಹೆಸರು ಬಂದದ್ದು ದೇವರಿಂದ. ಸ್ಥಳೀಯರು ಅಂಬರೇಶ್ವರ ಎಂದೂ ಕರೆಯುತ್ತಾರೆ. ಮಧ್ಯ ರೈಲ್ವೆಯ ಕಲ್ಯಾಣ್–ಕರ್ಜತ್ ಹಾದಿಯಲ್ಲಿ ವಿಠ್ಠಲವಾಡಿ, ಉಲ್ಲಾಸನಗರ ದಾಟಿದರೆ ಅಂಬರನಾಥ ನಿಲ್ದಾಣ. ಗುಡಿ ಇರುವುದು ನಿಲ್ದಾಣದ ಪೂರ್ವಕ್ಕೆ, ಸುಮಾರು 2 ಕಿಲೋಮೀಟರ್ ದೂರದಲ್ಲಿ. ಡೊಂಬಿವಲಿ, ಠಾಣೆ ಕಡೆಯವರಿಗೆ ನೇರ ಲೋಕಲ್ ಗಾಡಿ ಇದೆ. ನವಿ ಮುಂಬಯಿಯಿಂದ ಬರುವವರು ಠಾಣೆಯಲ್ಲಿ ಗಾಡಿ ಬದಲಿಸಬೇಕು.

ಈ ಪ್ರದೇಶ ಗುಡಿಗಿಂತ ಸುಮಾರು ಸಾವಿರ ವರ್ಷ ಮೊದಲೇ ಹೊರನಾಡಿನವರಿಗೆ ಪರಿಚಿತ. ಕ್ರಿ.ಶ. 1ನೇ ಶತಮಾನದ ಗ್ರೀಕ್ ಕಡಲಯಾನದ ಕೈಪಿಡಿ ‘ಪೆರಿಪ್ಲಸ್’ ಕಲ್ಯಾಣ್ ಬಂದರನ್ನು ಕಲ್ಲಿಯೆನ ಎಂದು ಹೆಸರಿಸುತ್ತದೆ. ಆ ಹೊತ್ತಿಗೆ ಅಲ್ಲಿನ ವ್ಯಾಪಾರಕ್ಕೆ ಅಡ್ಡಿ ಬಂದಿತ್ತು. ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುವ ಅಪಾಯವಿದೆಯೆಂದೂ ಅದು ಎಚ್ಚರಿಸುತ್ತದೆ. ಕಣ್ಹೇರಿಯ ಬೌದ್ಧ ಗುಹೆಗಳ ದಾನಶಾಸನಗಳಲ್ಲಿ ಕಲ್ಯಾಣದ ದಾನಿಗಳು ಬರುತ್ತಾರೆ. ಕನ್ನಡ ಓದುಗರು ಗಮನಿಸಬೇಕಾದ ಒಂದು ಮಾತು: ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ ಇದಲ್ಲ, ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ.

ಕಟ್ಟಿಸಿದ ಮನೆತನ

ಶಿಲಾಹಾರರಲ್ಲಿ ಮೂರು ಶಾಖೆಗಳಿದ್ದವು: ಉತ್ತರ ಕೊಂಕಣ, ದಕ್ಷಿಣ ಕೊಂಕಣ ಮತ್ತು ಕೊಲ್ಹಾಪುರ. ಮೂವರೂ ವಿದ್ಯಾಧರ ಜೀಮೂತವಾಹನನನ್ನು ಮೂಲಪುರುಷನೆಂದು ಹೇಳಿಕೊಂಡರು, ಗರುಡಧ್ವಜ ಹಿಡಿದರು, ತಗರಪುರದ ಒಡೆಯರೆಂಬ ಬಿರುದು ಧರಿಸಿದರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಉತ್ತರ ಕೊಂಕಣದ ಶಾಖೆ ಸುಮಾರು 9ನೇ ಶತಮಾನದ ಆರಂಭದಲ್ಲಿ ಮೊದಲನೆಯ ಕಪರ್ದಿಯಿಂದ ಶುರುವಾಯಿತು. ರಾಷ್ಟ್ರಕೂಟರ ಸಾಮಂತರಾಗಿ ಈ ಅರಸರು ಪುರಿಯನ್ನು ಮುಖ್ಯ ನಗರವಾಗಿ ಉಳ್ಳ 1400 ಗ್ರಾಮಗಳ ಕೊಂಕಣವನ್ನು ಆಳಿದರು. ಅವರ ಶಾಸನಗಳಲ್ಲಿ ಬರುವ ಸ್ಥಾನಕ, ಶ್ರೀಸ್ಥಾನಕಗಳೇ ಇಂದಿನ ಠಾಣೆ.

ರಾಷ್ಟ್ರಕೂಟರ ಮೇಲಿನ ನಿಷ್ಠೆ ಅವರ ಪತನದ ನಂತರವೂ ಉಳಿಯಿತು. 973ರಲ್ಲಿ ಚಾಲುಕ್ಯ ತೈಲಪ ಅವರ ರಾಜಧಾನಿ ಮಾನ್ಯಖೇಟವನ್ನು ಕಸಿದುಕೊಂಡ. ಅದಾಗಿ ಎರಡು ದಶಕಗಳ ಮೇಲೆ, 997ರಲ್ಲಿ, ಶಿಲಾಹಾರ ಅಪರಾಜಿತನು ಭಿವಂಡಿ ಬಳಿಯ ಭಾದಾಣೆಯನ್ನು ದಾನ ಕೊಟ್ಟಾಗ ಬರೆಸಿದ ತಾಮ್ರಪಟದಲ್ಲಿ ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನು ಪೂರ್ತಿ ಕೊಟ್ಟು, ಆ ರಾಜ್ಯ ನಾಶವಾದುದಕ್ಕೆ ದುಃಖಿಸಿದ್ದಾನೆ. ಹೊಸ ಚಕ್ರವರ್ತಿಯ ಕಾಲದಲ್ಲಿ ಹಳೆಯವನ ಹೆಸರನ್ನು ಹೀಗೆ ಬರೆಸುವುದು ರಾಜಕೀಯವಾಗಿ ಸಣ್ಣ ಕೆಲಸವಲ್ಲ.

ಅಪರಾಜಿತನ ಮೊಮ್ಮಕ್ಕಳಾದ ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದರು. ಅಂಬರನಾಥ ಶಿವಾಲಯ ಈ ಅಣ್ಣತಮ್ಮಂದಿರ ಕಾಲದ್ದು. ಅದು ಕೊಂಕಣಕ್ಕೆ ನೆಮ್ಮದಿಯ ಕಾಲವಾಗಿರಲಿಲ್ಲ. 1020ರ ಹೊತ್ತಿಗೆ ಮಾಳವದ ಪರಮಾರ ಭೋಜ ಕೊಂಕಣವನ್ನು ಗೆದ್ದನೆಂದು ಅವನ ಶಾಸನಗಳು ಹೇಳುತ್ತವೆ. 1024ರ ಮೀರಜ್ ತಾಮ್ರಪಟದ ಪ್ರಕಾರ ಚಾಲುಕ್ಯ ಎರಡನೆಯ ಜಯಸಿಂಹ ಸಪ್ತಕೊಂಕಣಗಳನ್ನು ಗೆದ್ದು ಕೊಲ್ಹಾಪುರದ ಬಳಿ ಬೀಡುಬಿಟ್ಟಿದ್ದ. ಉತ್ತರದ ಮಾಳವ ಮತ್ತು ಪೂರ್ವದ ಕರ್ನಾಟಕ ಎರಡರ ಒತ್ತಡದ ನಡುವೆ ಈ ಸಣ್ಣ ಕಡಲರಾಜ್ಯ ನಿಂತಿತ್ತು.

ಕನ್ನಡ ನಾಡಿನೊಂದಿಗಿನ ವ್ಯವಹಾರ ಎಷ್ಟು ನಿಕಟವಾಗಿತ್ತೆಂಬುದಕ್ಕೆ ಎರಡು ದಾಖಲೆಗಳು ಸಾಕು. ಛಿತ್ತರಾಜನ 1026ರ ಭಾಂಡುಪ್ ತಾಮ್ರಪಟದಲ್ಲಿ ಮಂತ್ರಿಗಳ ಪಟ್ಟಿಯಿದೆ. ಅದರಲ್ಲಿ ಸಾಮಾನ್ಯ ಸಂಧಿವಿಗ್ರಹಿಯಲ್ಲದೆ ಕರ್ಣಾಟ ಸಂಧಿವಿಗ್ರಹಿಕನೆಂಬ ಪ್ರತ್ಯೇಕ ಅಧಿಕಾರಿಯೂ ಇದ್ದಾನೆ. ಕರ್ನಾಟಕದ ಜೊತೆಗಿನ ಯುದ್ಧ-ಸಂಧಾನಗಳಿಗೆಂದೇ ಒಂದು ಖಾತೆ. ಅದೇ ಪಟ್ಟಿಯ ನಾಗಣೈಯ, ಸೀಹಪೈಯ, ಜೋಗಪೈಯ ಎಂಬ ಹೆಸರುಗಳ ಕೊನೆಯಲ್ಲಿ ನಮಗೆ ಪರಿಚಿತವಾದ ‘ಅಯ್ಯ’ ಇದೆ. ಎರಡನೆಯದು ಧಾರವಾಡದ ಬಳಿಯ ನರೇಂದ್ರ ಗ್ರಾಮದ ಕನ್ನಡ ಶಾಸನ, 12ನೇ ಶತಮಾನದ ಮೊದಲ ಭಾಗದ್ದು. ಗೋವೆಯ ಕದಂಬ ಅರಸ ಚಟ್ಟಯ್ಯ ಕಡಲಯಾನ ಮಾಡುತ್ತಿದ್ದಾಗ ಠಾಣೆಯ ಮುಮ್ಮುರಿ ಅವನ ಪರಾಕ್ರಮ ಕೇಳಿ ಎದುರುಗೊಂಡು, ಅರಮನೆಗೆ ಕರೆದೊಯ್ದು, ಮಗಳನ್ನು ಕೊಟ್ಟು, ಅಳಿಯನಿಗೆ ಐದು ಲಕ್ಷ ಹೊನ್ನು ಉಡುಗೊರೆ ಕೊಟ್ಟನೆಂದು ಅದರಲ್ಲಿದೆ. ಈ ಮುಮ್ಮುರಿಯೇ ಅಂಬರನಾಥ ಶಾಸನದ ಮುಮ್ಮುಣಿ. ಹೊನ್ನಿನ ಮೊತ್ತ ಪ್ರಶಸ್ತಿಕಾರನ ಉತ್ಸಾಹವಿರಬಹುದು, ಸಂಬಂಧ ಮಾತ್ರ ಕಟ್ಟುಕಥೆಯಾಗಿ ಕಾಣುವುದಿಲ್ಲ.

ಶಾಸನ

ದೇವಾಲಯದ ಉತ್ತರ ಬಾಗಿಲ ಒಳಗಡೆಯ ತೊಲೆಯ ಮೇಲೆ ಶಾಸನವನ್ನು ಕೊರೆದಿದ್ದಾರೆ. ಭಾಷೆ ಸಂಸ್ಕೃತ, ಲಿಪಿ ನಾಗರಿ. ಶಕ 982ರ ಶ್ರಾವಣ ಮಾಸ, ಮಹಾಮಂಡಲೇಶ್ವರ ಮಾಮ್ವಾಣಿಯ (ಮುಮ್ಮುಣಿಯ) ಆಳ್ವಿಕೆ, ಅವನ ಮಂತ್ರಿಗಳ ಹೆಸರು, ಛಿತ್ತರಾಜದೇವನ ಭವನ, ಇವಿಷ್ಟು ಅದರ ಮುಖ್ಯ ಸಂಗತಿಗಳು.

ಈ ಚಿಕ್ಕ ಬರಹದ ಓದು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಮುಂಬಯಿಯ ವೈದ್ಯ ಮತ್ತು ವಿದ್ವಾಂಸ ಭಾವು ದಾಜಿ ಮೊದಲು ಕಾಲವನ್ನು ಶಕ 782 ಎಂದು ಓದಿದರು. ಹಾಗಾದರೆ ಗುಡಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ್ದಾಗುತ್ತದೆ. ನಂತರ ಪಂಡಿತ ಭಗವಾನಲಾಲ್ ಇಂದ್ರಜಿ ಮೊದಲ ಅಂಕಿ 7 ಅಲ್ಲ, 9 ಎಂದು ತಿದ್ದಿದರು. ಒಂದು ಅಂಕಿಯಿಂದ ಕಟ್ಟಡದ ವಯಸ್ಸು ಇನ್ನೂರು ವರ್ಷ ಇಳಿಯಿತು. ಶಿಲಾಹಾರರ ಇತರ ತಾಮ್ರಪಟಗಳ ಕಾಲಗಣನೆಗೆ ಹೊಂದುವುದು 982 ಮಾತ್ರವಾದ್ದರಿಂದ ಈಗ ಅದೇ ಸ್ವೀಕೃತ.

ಇನ್ನೊಂದು ಪ್ರಶ್ನೆ, 1060ರಲ್ಲಿ ನಡೆದದ್ದು ನಿರ್ಮಾಣವೋ ಜೀರ್ಣೋದ್ಧಾರವೋ ಎಂಬುದು. ಕೆಲವರು ಹಳೆಯ ಗುಡಿಯೊಂದನ್ನು ಆಗ ನವೀಕರಿಸಲಾಯಿತೆಂದು ಅರ್ಥೈಸಿದ್ದಾರೆ. ಛಿತ್ತರಾಜ ಆರಂಭಿಸಿದ ಕೆಲಸವನ್ನು ತಮ್ಮ ಮುಮ್ಮುಣಿ ಮುಗಿಸಿದನೆಂಬುದು ಹೆಚ್ಚು ಜನ ಒಪ್ಪಿರುವ ಅಭಿಪ್ರಾಯ. ಕಟ್ಟಡದ ಶೈಲಿ ಮೇಲಿಂದ ಕೆಳಗಿನವರೆಗೆ ಒಂದೇ ಆಗಿರುವುದು ಎರಡನೆಯ ಅಭಿಪ್ರಾಯವನ್ನೇ ಬೆಂಬಲಿಸುತ್ತದೆ.

ತಲವಿನ್ಯಾಸ

ದೇವಾಲಯ ಪಶ್ಚಿಮಾಭಿಮುಖ. ಗರ್ಭಗುಡಿಯ ಮುಂದೆ ಸಭಾಮಂಟಪ. ಅದಕ್ಕೆ ಪಶ್ಚಿಮ, ಉತ್ತರ, ದಕ್ಷಿಣಗಳಲ್ಲಿ ಮೂರು ಬಾಗಿಲು, ಪ್ರತಿ ಬಾಗಿಲಿಗೂ ಕಂಬಗಳ ಮುಖಮಂಟಪ. ಒಟ್ಟು ಉದ್ದ ಸುಮಾರು 90 ಅಡಿ, ಅತಿ ಹೆಚ್ಚಿನ ಅಗಲ ಸುಮಾರು 75 ಅಡಿ. ಸ್ಥಳೀಯವಾಗಿ ಸಿಗುವ ಕಪ್ಪು ಬಸಾಲ್ಟ್ ಶಿಲೆಯನ್ನು ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಲಾಗಿದೆ. ಪಶ್ಚಿಮದ ಬಾಗಿಲ ಮುಂದೆ ಒಂದರ ಬದಲು ಎರಡು ನಂದಿಗಳಿವೆ.

ಹೊರನಕ್ಷೆಯನ್ನು ಮೂಲೆಗೆ ಮೂಲೆ ತಾಗುವಂತೆ ಓರೆಯಾಗಿ ಇಟ್ಟ ಎರಡು ಚೌಕಗಳೆಂದು ವಿವರಿಸುವುದು ರೂಢಿ. ಚಿಕ್ಕ ಚೌಕ ವಿಮಾನ, ದೊಡ್ಡದು ಮಂಟಪ. ಈ ಚೌಕಗಳ ಬದಿಗಳು ನೇರವಾಗಿಲ್ಲ. ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಬಂದು ಹಿಂದೆ ಸರಿಯುತ್ತದೆ. ಹಾಗಾಗಿ ಎಲ್ಲಿಯೂ ಅಗಲವಾದ ಸಮತಟ್ಟು ಗೋಡೆ ಕಾಣಿಸುವುದಿಲ್ಲ. ಕಾಣುವುದೆಲ್ಲ ಮೂಲೆ, ಸಂದು, ನೆರಳು. ಬಿಸಿಲು ತಿರುಗಿದಂತೆ ಈ ಸಂದುಗಳ ನೆರಳು ಬದಲಾಗುತ್ತದೆ. ಹೊಯ್ಸಳ ಗುಡಿಗಳ ನಕ್ಷತ್ರಾಕಾರ ಕಂಡವರಿಗೆ ಈ ತಂತ್ರ ಹೊಸದಲ್ಲ. ಆದರೆ ಹೊಯ್ಸಳರಿಗೆ ಇದ್ದದ್ದು ಮೆದುವಾದ ಬಳಪದ ಕಲ್ಲು. ಇಲ್ಲಿನದು ಉಳಿಗೆ ಬಗ್ಗದ ಬಸಾಲ್ಟ್.

ಮಂಟಪದ ಒಳಗೆ ಸುಮಾರು 23 ಅಡಿ ಚದರ ಜಾಗವಿದೆ. ನಡುವಿನ ನಾಲ್ಕು ಕಂಬಗಳ ಕೆತ್ತನೆ ತೀರ ಒತ್ತಾದುದು: ಬುಡದಲ್ಲಿ ಚೌಕ, ಮೇಲೆ ಹೋದಂತೆ ಕೋನಗಳು ಹೆಚ್ಚಿ ಕೊನೆಗೆ ದುಂಡು, ತಲೆಯ ಮೇಲೆ ಭಾರ ಹೊತ್ತ ಕೀಚಕರು. ಈ ನಾಲ್ಕು ಕಂಬಗಳ ಮೇಲೆ ಒಳಗೊಳಗೆ ಕಿರಿದಾಗುವ ಉಂಗುರಗಳ ಛಾವಣಿ, ಕರ್ನಾಟಕದಲ್ಲಿ ಭುವನೇಶ್ವರಿ ಎನ್ನುವಂಥದು, ನಿಂತಿದೆ. ಕಮಾನಿನ ತತ್ವ ಇದರಲ್ಲಿಲ್ಲ. ಪ್ರತಿ ಸುತ್ತಿನ ಕಲ್ಲು ಕೆಳಗಿನ ಸುತ್ತಿಗಿಂತ ಸ್ವಲ್ಪ ಒಳಕ್ಕೆ ಚಾಚಿಕೊಂಡಿದೆ. ರೋಮನ್ನರು ತಮ್ಮ ರಂಗಸ್ಥಳಗಳನ್ನೂ ಸ್ನಾನಗೃಹಗಳನ್ನೂ ಕಮಾನು ಮತ್ತು ಕಾಂಕ್ರೀಟಿನಿಂದ ಎತ್ತಿದರು. ಭಾರತದ ಸ್ಥಪತಿಗಳು ಭಾರವನ್ನು ನೇರ ಕೆಳಕ್ಕೆ ಇಳಿಸುವ ಕಂಬ-ತೊಲೆ-ಚಾಚು ಕಲ್ಲಿನ ವಿಧಾನವನ್ನೇ ಬೆಳೆಸಿದರು. ಕಮಾನು ಇಕ್ಕೆಲಗಳಿಗೆ ತಳ್ಳುತ್ತದೆ, ಚಾಚು ಕಲ್ಲಿನ ಛಾವಣಿ ತಳ್ಳುವುದಿಲ್ಲ. ಆದರೆ ಅದರಡಿಯಲ್ಲಿ ವಿಶಾಲ ಸಭಾಂಗಣ ಕಟ್ಟಲಾಗದು. 23 ಅಡಿಯ ಮಂಟಪಕ್ಕೂ ನಡುವೆ ನಾಲ್ಕು ಕಂಬ ಬೇಕಾದದ್ದು ಅದಕ್ಕೇ.

ಗರ್ಭಗುಡಿ ಸುಮಾರು 14 ಅಡಿ ಚದರವಾಗಿದ್ದು, ಮಂಟಪದ ನೆಲಕ್ಕಿಂತ ಬಹಳ ಕೆಳಗಿದೆ. ಬಾಗಿಲು ದಾಟಿದ ಮೇಲೆ ಸುಮಾರು 20 ಮೆಟ್ಟಿಲು ಇಳಿಯಬೇಕು. ಹೊರಗೋಡೆಗೆ ಹೋಲಿಸಿದರೆ ಒಳಗೋಡೆಗಳು ಬೋಳು. ಲಿಂಗ ನೆಲಮಟ್ಟದಲ್ಲಿದೆ, ಭಕ್ತರು ಅದನ್ನು ಸ್ವಯಂಭೂ ಎಂದು ನಂಬುತ್ತಾರೆ. ಶಿಖರ ಕುಸಿದ ಮೇಲೆ ಗರ್ಭಗುಡಿಗೆ ಮೇಲ್ಗಡೆಯಿಂದಲೇ ಬೆಳಕು ಬೀಳುತ್ತದೆ. ಕತ್ತಲ ಕೋಣೆಯಾಗಿ ರೂಪಿಸಿದ ಜಾಗ ಹೀಗೆ ಆಕಾಶಕ್ಕೆ ತೆರೆದುಕೊಂಡಿರುವುದು ಅವಘಡದ ಫಲವೇ ಹೊರತು ಮೂಲ ಯೋಜನೆಯಲ್ಲ.

ಶಿಖರ

ಈ ಗುಡಿಯ ಮಹತ್ವ ಶಿಖರದಲ್ಲಿದೆ. ನಾಗರ ಶಿಖರಗಳಲ್ಲಿ ಹಲವು ಜಾತಿ. ಲತಿನದಲ್ಲಿ ಒಂದೇ ಬಾಗು ಗೋಪುರ ಮೇಲೆದ್ದು ನಿಲ್ಲುತ್ತದೆ. ಶೇಖರಿಯಲ್ಲಿ ಮುಖ್ಯ ಶಿಖರಕ್ಕೆ ಮರಿ ಶಿಖರಗಳು ಒರಗಿ ನಿಂತಿರುತ್ತವೆ. ಖಜುರಾಹೊ ಅದಕ್ಕೆ ಪ್ರಸಿದ್ಧ. ಭೂಮಿಜದ ಕ್ರಮ ಬೇರೆ. ನಾಲ್ಕು ದಿಕ್ಕಿನಲ್ಲೂ ಜಾಲಂಧ್ರದ ಕೆತ್ತನೆಯುಳ್ಳ ಒಂದೊಂದು ಪಟ್ಟಿ, ಅಂದರೆ ಲತೆ, ಬುಡದಿಂದ ತುದಿಯವರೆಗೆ ಏರುತ್ತದೆ. ಎರಡು ಲತೆಗಳ ನಡುವಿನ ಕಾಲುಭಾಗವನ್ನು ಪುಟ್ಟ ಶಿಖರಗಳು ತುಂಬುತ್ತವೆ. ಪ್ರತಿ ಪುಟ್ಟ ಶಿಖರವೂ ಕುಳ್ಳಗಿನ ಕಂಬದ ಮೇಲೆ ಕೂತಿರುತ್ತದೆ. ಶಿಲ್ಪಶಾಸ್ತ್ರದಲ್ಲಿ ಇದಕ್ಕೆ ಕೂಟಸ್ತಂಭವೆಂದು ಹೆಸರು. ಇವು ಅಡ್ಡಕ್ಕೆ ಸಾಲಾಗಿಯೂ ಉದ್ದಕ್ಕೆ ಸರವಾಗಿಯೂ ಜೋಡಣೆಯಾಗಿ, ಮೇಲೆ ಹೋದಂತೆ ಒಂದೇ ಪ್ರಮಾಣದಲ್ಲಿ ಚಿಕ್ಕದಾಗುತ್ತವೆ. ಒಂದೊಂದು ಅಡ್ಡಸಾಲು ಒಂದು ‘ಭೂಮಿ’. ದಕ್ಷಿಣದ ವಿಮಾನದ ಅಂತಸ್ತುಗಳು, ಉತ್ತರದ ಬಾಗು ಗೋಪುರ ಎರಡೂ ಇಲ್ಲಿ ಒಂದಾಗಿವೆ ಎನ್ನಬಹುದು.

ಅಂಬರನಾಥದಲ್ಲಿ ಕೆಳಗಿನ ಸಾಲುಗಳು ಮಾತ್ರ ಉಳಿದಿವೆ. ಮೇಲಿನ ಭೂಮಿಗಳು, ಆಮಲಕ, ಕಳಶ ಹೋಗಿವೆ. ಉಳಿದಿರುವ ಭಾಗದಲ್ಲಿ ಒಂದು ವಿಶೇಷ ಸ್ಪಷ್ಟವಾಗಿ ಕಾಣುತ್ತದೆ. ಗೋಡೆಯ ಯಾವ ಮೂಲೆ ಎಲ್ಲಿ ಮುಂದೆ ಬಂದಿದೆಯೋ ಅದರ ನೇರಕ್ಕೇ ಮೇಲಿನ ಕೂಟಸ್ತಂಭಗಳ ಸರ ಶುರುವಾಗುತ್ತದೆ. ಅಡಿಪಾಯದಲ್ಲಿ ಎಳೆದ ಗೆರೆ ಶಿಖರದವರೆಗೆ ಎಲ್ಲಿಯೂ ಮುರಿಯುವುದಿಲ್ಲ. ಸ್ಥಪತಿ ನೆಲದ ಮೇಲೆ ನಕ್ಷೆ ಬರೆಯುವಾಗಲೇ ಶಿಖರದ ಲೆಕ್ಕ ಮುಗಿಸಿರಬೇಕು. ಮಂಟಪದ ಮೇಲೆ ಪಿರಮಿಡ್ಡಿನ ಆಕಾರದ ಸಂವರಣ ಛಾವಣಿಯಿತ್ತು. ಅದರ ಅಂಶಗಳೂ ಅಲ್ಲಲ್ಲಿ ಉಳಿದಿವೆ.

ಶಿಲ್ಪಗಳು

ಅಧಿಷ್ಠಾನದಲ್ಲಿ ಕೀರ್ತಿಮುಖಗಳ ಪಟ್ಟಿ, ಆನೆಗಳ ಸಾಲು, ಮನುಷ್ಯರ ಸಾಲು ಒಂದರ ಮೇಲೊಂದು ಸುತ್ತಿಬಂದಿವೆ. ಅದರ ಮೇಲಿನ ಭಿತ್ತಿಯಲ್ಲಿ ಮೂಲೆಗೊಂದರಂತೆ ದೇವತೆ ಅಥವಾ ಸುರಸುಂದರಿ. ಶಿವನ ನಟರಾಜ, ಭೈರವ, ಗಜಾಸುರಸಂಹಾರ ರೂಪಗಳು, ಕಾಳಿ ಮತ್ತು ಚಾಮುಂಡೆ ಪ್ರಮುಖವಾಗಿ ಕಾಣುತ್ತವೆ. ತೊಡೆಯ ಮೇಲೆ ದೇವಿಯನ್ನು ಕೂರಿಸಿಕೊಂಡ ಮೂರು ಮುಖದ ಮೂರ್ತಿ 19ನೇ ಶತಮಾನದಿಂದಲೂ ವಿದ್ವಾಂಸರ ಗಮನ ಸೆಳೆದಿದೆ. ಬ್ರಹ್ಮನ ಶಿಲ್ಪಗಳೂ ಇವೆ. ಠಾಣೆ ಸುತ್ತಮುತ್ತ ಶಿಲಾಹಾರರ ಕಾಲದ ಬ್ರಹ್ಮಮೂರ್ತಿಗಳು ಸಿಕ್ಕಿರುವುದರಿಂದ ಇದು ಇಲ್ಲಿಗಷ್ಟೇ ಸೀಮಿತವಾದ ಒಲವಲ್ಲ.

ಮೂರ್ತಿಗಳ ಮುಖ, ಕೈಕಾಲುಗಳು ಹಲವೆಡೆ ಸವೆದಿವೆ. ಅಲಂಕಾರಪಟ್ಟಿಗಳು, ಅವುಗಳಲ್ಲೂ ಚಾಚಿನ ಕೆಳಗೆ ಮಳೆ ತಾಗದ ಜಾಗದವು, ಇನ್ನೂ ಚೂಪಾಗಿವೆ. ಒಂದೊಂದೇ ಮೂರ್ತಿಯಾಗಿ ನೋಡಿದರೆ ಅಂಬರನಾಥದ ಶಿಲ್ಪ ಹಳೇಬೀಡಿನ ನಯಕ್ಕೆ ಬರುವುದಿಲ್ಲ. ಇಡೀ ಗೋಡೆಯಾಗಿ ನೋಡಿದಾಗ ಅದರ ಶಕ್ತಿ ತಿಳಿಯುತ್ತದೆ.

ಭೂಮಿಜ ಪಂಗಡದಲ್ಲಿ ಸ್ಥಾನ

ಭೂಮಿಜ ಶೈಲಿಯ ತೌರು ಮಾಳವ. ಭೋಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ದಲ್ಲಿ ಭೂಮಿಜ ಪ್ರಾಸಾದಗಳ ಲಕ್ಷಣಗಳಿವೆ. ಮಧ್ಯಪ್ರದೇಶದ ಉದಯಪುರದಲ್ಲಿ ಪರಮಾರ ಉದಯಾದಿತ್ಯ ಕಟ್ಟಿಸಿದ ಉದಯೇಶ್ವರ ದೇವಾಲಯ ಇದರ ಪೂರ್ಣರೂಪ. ಅದರ ಕಾಲ 1059ರಿಂದ 1080. ಅಂದರೆ ಅಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಅಂಬರನಾಥ ಮುಗಿಯುತ್ತ ಬಂದಿತ್ತು. ಕೊಂಕಣದ ಗುಡಿ ಮಾಳವದ ಪ್ರಸಿದ್ಧ ಗುಡಿಯ ನಕಲಾಗಿರಲು ಸಾಧ್ಯವಿಲ್ಲ. ಭೋಜನ ದಂಡಯಾತ್ರೆಯ ಬೆನ್ನಿಗೆ ಮಾಳವದ ಕುಶಲಕರ್ಮಿಗಳು ಇತ್ತ ಬಂದಿರಬಹುದೆಂಬುದು ಊಹೆಯಷ್ಟೇ; ಶಾಸನದಲ್ಲಿ ಅದಕ್ಕೆ ಆಧಾರವಿಲ್ಲ.

ಮುಂದೆ ಈ ಶೈಲಿ ಯಾದವರ ಸೀಮೆಯಲ್ಲಿ ಹರಡಿತು. ನಾಸಿಕ ಜಿಲ್ಲೆಯ ಸಿನ್ನರಿನ ಗೊಂದೇಶ್ವರ, ಮಾಲೆಗಾಂವ್ ಬಳಿಯ ಝೋಡಗೆಯ ಮಾಣಕೇಶ್ವರ ಇದಕ್ಕೆ ಉದಾಹರಣೆ. ಅತ್ತ ರಾಜಸ್ಥಾನದ ಮೇನಾಲ್, ರಾಣಕಪುರದ ಸೂರ್ಯಗುಡಿ, ಛತ್ತೀಸಗಢದ ಆರಂಗದ ಜೈನಗುಡಿಗಳೂ ಇದೇ ಜಾತಿ. ಕರ್ನಾಟಕದಲ್ಲಿ ಭೂಮಿಜ ಹೆಚ್ಚಾಗಿ ಅಲಂಕಾರವಾಗಿ ಉಳಿಯಿತು. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಗೋಡೆಯ ಪುಟ್ಟ ಗೋಪುರಗಳಲ್ಲಿ ಶೇಖರಿ, ಭೂಮಿಜ ಮಾದರಿಗಳಿವೆ. ಬೇಲೂರು ಚೆನ್ನಕೇಶವ ದೇವಾಲಯದ ಮೆಟ್ಟಿಲುಗಳ ಇಕ್ಕೆಲದ ಕಿರುಗುಡಿಗಳ ಗೋಪುರವೂ ಭೂಮಿಜವೇ.

ರೂಢಿಯ ಕಥೆಗಳು

ಪಾಂಡವರು ವನವಾಸದಲ್ಲಿ ಒಂದೇ ರಾತ್ರಿಯಲ್ಲಿ ಈ ಗುಡಿ ಕಟ್ಟಿದರು, ಬೆಳಗಾದ್ದರಿಂದ ಶಿಖರ ಅರ್ಧಕ್ಕೆ ನಿಂತಿತು ಎಂಬ ಕಥೆ ಊರಲ್ಲಿದೆ. ಹಲವು ಮಾರ್ಗದರ್ಶಿಗಳಲ್ಲಿ ಇದನ್ನು ‘ಹೇಮಾಡಪಂಥಿ’ ಎಂದು ಬರೆಯುವುದುಂಟು. ಯಾದವರ ಮಂತ್ರಿ ಹೇಮಾದ್ರಿ 13ನೇ ಶತಮಾನದವನು. ಈ ಗುಡಿ ಅವನಿಗಿಂತ ಇನ್ನೂರು ವರ್ಷ ಹಳೆಯದು. ಗಾರೆಯಿಲ್ಲದ ಕಲ್ಲುಗುಡಿಗಳಿಗೆಲ್ಲ ಮಹಾರಾಷ್ಟ್ರದಲ್ಲಿ ಆ ಹೆಸರು ಅಂಟಿದೆ. ಈ ಕಟ್ಟಡಕ್ಕೆ ಅದನ್ನು ಬಳಸಬಾರದು.

ನಂತರದ ಇತಿಹಾಸ ಮತ್ತು ದಾಖಲೀಕರಣ

ಮುಮ್ಮುಣಿಯ ನಂತರ ಕೊಂಕಣದಲ್ಲಿ ಕಲಹ ನಡೆದು ನಾಡು ಹಾಳಾಯಿತೆಂದೂ, ಅನಂತದೇವ ಅದನ್ನು ಉಳಿಸಿದನೆಂದೂ 1094ರ ಖಾರೇಪಾಟಣ ತಾಮ್ರಪಟ ಹೇಳುತ್ತದೆ. ಸುಮಾರು 1265ರಲ್ಲಿ ಯಾದವ ಮಹಾದೇವ ಕೊನೆಯ ಅರಸ ಸೋಮೇಶ್ವರನನ್ನು ಸೋಲಿಸುವುದರೊಂದಿಗೆ ಶಾಖೆ ಅಳಿಯಿತು. ಮುಂದಿನ ಶತಮಾನಗಳಲ್ಲಿ ಅಂಬರನಾಥ ಹಳ್ಳಿಯ ಗುಡಿಯಾಗಿ ಉಳಿಯಿತು.

ಆಧುನಿಕ ಗಮನ ಬಿದ್ದದ್ದು 19ನೇ ಶತಮಾನದ ನಡುವಿನಲ್ಲಿ. 1868ರಲ್ಲಿ ಸರ್ಕಾರದ ವೆಚ್ಚದಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯ ತಂಡ ಇಲ್ಲಿಗೆ ಬಂದು ಶಿಲ್ಪಗಳ ರೇಖಾಚಿತ್ರ ಬರೆದು ಅಚ್ಚುಗಳನ್ನು ತೆಗೆಯಿತು. ನಂತರ ಸವೆದುಹೋದ ಕೆತ್ತನೆಗಳನ್ನು ತಿಳಿಯಲು ಈ ಚಿತ್ರಗಳು ಇಂದು ಬೆಲೆಯುಳ್ಳ ಆಧಾರ. ಹೆನ್ರಿ ಕಸಿನ್ಸ್ ದಖನ್ನಿನ ಮಧ್ಯಯುಗದ ಗುಡಿಗಳ ಮೇಲಿನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಇತ್ತೀಚೆಗೆ ಕುಮುದ ಕಾನಿಟ್ಕರ್ ಈ ಒಂದೇ ಗುಡಿಯ ಮೇಲೆ ಸ್ವತಂತ್ರ ಗ್ರಂಥ ಬರೆದಿದ್ದಾರೆ.

ಪೂಜೆ ಮತ್ತು ಇಂದಿನ ಸ್ಥಿತಿ

ನಿತ್ಯಪೂಜೆ ನಡೆಯುತ್ತದೆ. ಶ್ರಾವಣ ಸೋಮವಾರಗಳಲ್ಲಿ ಜನ ಹೆಚ್ಚು. ಮಹಾಶಿವರಾತ್ರಿಯ ಜಾತ್ರೆಗೆ ಕಲ್ಯಾಣ್, ಉಲ್ಲಾಸನಗರ, ಡೊಂಬಿವಲಿ, ಬದ್ಲಾಪುರಗಳಿಂದ ಭಕ್ತರು ಬಂದು ಗರ್ಭಗುಡಿಗೆ ಇಳಿಯಲು ಉದ್ದ ಸಾಲಿನಲ್ಲಿ ನಿಲ್ಲುತ್ತಾರೆ.

ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ರಾಷ್ಟ್ರೀಯ ಮಹತ್ವದ ಸ್ಮಾರಕ. 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ ಸುತ್ತಲಿನ 100 ಮೀಟರಿನಲ್ಲಿ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಯುನೆಸ್ಕೊ ಮಾನ್ಯತೆ ಪಡೆದಿದೆಯೆಂಬ ಮಾತು ಆಗಾಗ ಕೇಳಿಬರುತ್ತದೆ. ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಮುಂಬಯಿ ಆಸುಪಾಸಿನಿಂದ ಆ ಪಟ್ಟಿ ಸೇರಿದ ಶಿಲಾದೇಗುಲ ಎಲಿಫೆಂಟಾ.

ಅಪಾಯ ಎರಡು ಕಡೆಯಿಂದಿದೆ. ಮೊದಲನೆಯದು ಮಳೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ತೆರೆದ ಶಿಖರದ ಸಂದುಗಳಿಗೆ ನೀರು ಇಳಿದು, ಬಿರುಕುಗಳಲ್ಲಿ ಗಿಡ ಹುಟ್ಟಿ ಕಲ್ಲನ್ನು ಸಡಿಲಿಸುತ್ತವೆ. ಎರಡನೆಯದು ನದಿ. ಅಂಬರನಾಥ ವಿಮ್ಕೊ ಬೆಂಕಿಪೆಟ್ಟಿಗೆ ಕಾರ್ಖಾನೆ, ಶಸ್ತ್ರಾಸ್ತ್ರ ಕಾರ್ಖಾನೆ, ರಾಸಾಯನಿಕ ಘಟಕಗಳಿಂದ ಬೆಳೆದ ಊರು. ಪಕ್ಕದ ಉಲ್ಲಾಸನಗರ 1949ರಲ್ಲಿ ಸಿಂಧಿ ನಿರಾಶ್ರಿತರ ನೆಲೆಯಾಗಿ ಹುಟ್ಟಿ ಜೀನ್ಸ್ ಹೊಲಿಗೆ ಮತ್ತು ಬಣ್ಣ ತೊಳೆಯುವ ಉದ್ಯಮಕ್ಕೆ ಹೆಸರಾಯಿತು. ಈ ಎರಡೂ ಊರುಗಳ ಕೊಳಚೆಯನ್ನು ವಾಲಧುನಿ ಹೊತ್ತು ಕಲ್ಯಾಣದ ಕಡೆಗೆ ಸಾಗುತ್ತದೆ. ಬೇಸಿಗೆಯಲ್ಲಿ ಗುಡಿಯ ಮಗ್ಗುಲಲ್ಲಿ ಹರಿಯುವುದು ಕಪ್ಪು ನೀರು.

ಜಿಲ್ಲೆಯ ಬೇರೆಡೆ ಶಿಲಾಹಾರರ ಗುಡಿಗಳು ಹೀಗೆ ಉಳಿದಿಲ್ಲ. ಠಾಣೆ ನಗರದ ಕೌಪೀನೇಶ್ವರ ಗುಡಿಯ ಇಂದಿನ ಕಟ್ಟಡ 18ನೇ ಶತಮಾನದ್ದು. ಲೋನಾಡದಂಥ ಕಡೆ ಶಿಲಾಹಾರರ ಕಾಲದ ಅವಶೇಷಗಳೂ ಶಾಸನಗಳೂ ಮಾತ್ರ ಉಳಿದಿವೆ. ಗೋಡೆ, ಮಂಟಪ, ಛಾವಣಿ ಸಮೇತ ನಿಂತಿರುವ ಆ ಕಾಲದ ದೇವಾಲಯವೆಂದರೆ ಜಿಲ್ಲೆಯಲ್ಲಿ ಅಂಬರನಾಥವೇ.